ಬಿಚ್ಚೋ ಕೆಲಸ

ನನ್ನ ಕೆಲಸ ಹೊಲಿಯೋದಲ್ಲ, ಬಿಚ್ಚೋದು.
ಹಾಸನದ ಹೊರಗಿನ ಗಾರ್ಮೆಂಟ್ಸಲ್ಲಿ ಆರು ವರ್ಷದಿಂದ
ಸೊಟ್ಟ ಬಿದ್ದ ಕಾಲರು, ಸುಕ್ಕು ಹಿಡಿದ ತೋಳು
ನನ್ನ ಮೇಜಿಗೇ ಬಂದು ಬೀಳ್ತವೆ.
ರಿಪ್ಪರ್ ಮೂತಿ ಎಲ್ಲಿ ಹಾಕಬೇಕೋ ಅಲ್ಲೇ ಹಾಕಬೇಕು,
ಸಿಕ್ಕಲ್ಲಿ ಎಳೆದರೆ ಬಟ್ಟೆ ಹರೀತದೆ.

ಹಂಗಾಗಿ ಆಸ್ಪತ್ರೆಯಲ್ಲಿ ಫೌಜಿಯಾ ಮೇಡಂ
ಹೇಳಿದ್ದು ನನಗೆ ಬೇಗ ತಿಳೀತು:
ಹುರುಳಿಯೊಳಗಿನ ಪ್ರೋಟೀನು ಉದ್ದನೆ ದಾರ,
ಮಡಚಿ ಸುತ್ತಿ ಉಂಡೆಯಾಗಿ ಕೂತಿರ್ತದೆ.
ಹೊಟ್ಟೆಯ ಹುಳಿ ಮೊದಲು ಉಂಡೆ ಸಡಿಲಿಸ್ತದೆ.
ಅಲ್ಲೇ ಪೆಪ್ಸಿನ್ ಅಂತ ಒಂದು ಕತ್ತರಿ,
ಕರುಳಿನ ಬಾಗಿಲಲ್ಲಿ ಟ್ರಿಪ್ಸಿನ್ ಅಂತ ಇನ್ನೊಂದು.
ಒಂದೊಂದಕ್ಕೂ ತನ್ನ ಜಾಗ ಗೊತ್ತು, ಬೇರೆ ಕಡೆ ಮುಟ್ಟಲ್ಲ.
ಮೊಳದ ದಾರ ಗೇಣಾಗಿ, ಗೇಣು ಬೆರಳಾಗಿ
ತುಂಡು ತುಂಡು. ಅದಕ್ಕೆ ಪೆಪ್ಟೈಡ್ ಅಂತಾರಂತೆ.
"ಹಂಗಾದ ಮೇಲೇ ಕರುಳಿನ ಗೋಡೆ ಒಳಗೆ ಬಿಡೋದು."
ಗೇಟಲ್ಲಿ ನಮ್ಮ ಬುತ್ತಿಚೀಲ ತಡಕಿ ಬಿಡೋ ಹಾಗೆ, ಅಂದೆ.
ನಕ್ಕರು.

ಅವ್ವನಿಗೆ ನಗು ಬರಲಿಲ್ಲ.
ಅವಳ ಎರಡನೇ ಕತ್ತರಿ ಕೆಟ್ಟಿದೆ.
ಮೇದೋಜೀರಕ, ಹೆಸರೂ ಕೇಳಿರದ ಅಂಗ,
ಬಾವು ಬಂದು ತನ್ನ ರಸಕ್ಕೆ ತಾನೇ ತುತ್ತಾಗಿತ್ತು,
ಕತ್ತರಿ ಹಿಡಿದ ಕೈಯನ್ನೇ ಕುಯ್ದುಕೊಂಡ ಹಾಗೆ.
ಅರವತ್ತು ವರ್ಷ ಹುರುಳಿಕಟ್ಟಿನ ಸಾರು ಅರಗಿಸಿಕೊಂಡವಳಿಗೆ
ಮೂಗಿನ ನಳಿಗೆಯಲ್ಲಿ ಬೆಳ್ಳನೆ ನೀರು.

"ಏನೇ ಅದು?"
ಪುಡಿ ಕಣವ್ವ. ಕಾರ್ಖಾನೆಯಲ್ಲೇ ಮುರಿದು ಕಳಿಸಿದ್ದು.
ನಿನ್ನ ಹೊಟ್ಟೆಗೆ ಹೆಚ್ಚು ಕೆಲಸ ಇಲ್ಲ.
"ಅಂದ್ರೆ ಯಾರೋ ಅಗಿದುಕೊಟ್ಟ ಎಂಜಲು."
ಮುಖ ತಿರುಗಿಸಿದಳು ನಿಂಗಾಜಮ್ಮ.

ಪಕ್ಕದ ಮಂಚದವರು ಕಿತ್ತಳೆ ಸುಲೀತಿದ್ದರು.
ತುಸು ಹೊತ್ತಾದ ಮೇಲೆ, ಗೋಡೆಗೆ ಹೇಳಿದಂತೆ:
"ನಿಂಗೆ ಹಲ್ಲು ಬರೋ ಮುಂಚೆ ನಾನೂ ಅವರೆಕಾಳು
ಅಗಿದು ಅಗಿದು ಬಾಯಿಗಿಡ್ತಿದ್ದೆ.
ನೀನು ಉಗೀತಿದ್ದೆ."

ಮೇಡಂ ಇನ್ನೊಂದು ಹೇಳಿದ್ದರು. ಒಳಗೆ ಹೋದ ಮೇಲೆ
ಹುರುಳಿಗೆ ತಾನು ಹುರುಳಿ ಅನ್ನೋ ನೆನಪಿರಲ್ಲ.
ತುಂಡೂ ಬಿಚ್ಚಿ ಬಿಡಿಮಣಿಯಾಗಿ
ಉಗುರೋ, ಕೂದಲೋ, ಗಾಯದ ಮೇಲಿನ ಹೊಸ ಚರ್ಮವೋ,
ಯಾವ ಹೊಲಿಗೆ ಬೇಕೋ ಆ ಹೊಲಿಗೆ.
ಹಾಗಾದರೆ ನನ್ನ ಮೊಣಕೈಯಲ್ಲೋ ರೆಪ್ಪೆಯಲ್ಲೋ
ಅವಳು ಅಗಿದ ಕಾಳು ಇದ್ದೀತು,
ನಾನು ಉಗಿಯದೆ ಬಿಟ್ಟದ್ದು.
ಇಷ್ಟು ಹೊತ್ತಿಗೆ ಸವೆದಿರ್ತದೆ, ಗೊತ್ತು.
ಆದರೂ ಮೊಣಕೈ ಮುಟ್ಟಿ ನೋಡಿಕೊಂಡೆ.

ಆರೂವರೆಗೆ ಶಿಫ್ಟು.
ನಳಿಗೆಗೆ ಗಂಟೆಗೆ ನಲವತ್ತು ಎಂಎಲ್, ನರ್ಸಮ್ಮ ಬರೆದುಕೊಂಡರು.
ಬಾಗಿಲು ದಾಟುವಾಗ ಹಿಂದಿನಿಂದ ಕೂಗು:
"ಆ ನೀರಿಗೆ ಒಂಚೂರು ಉಪ್ಪಾದ್ರೂ ಹಾಕ್ಸೇ."