ಇಂಟರ್‌ವಲ್‌ನಲ್ಲಿ ತೂಗುವವನು

ಹತ್ತೂವರೆ ಆಯಿತೋ, ಸ್ಟಮಾಟಿಸ್ ಯಂತ್ರ ನಿಲ್ಲಿಸುತ್ತಾನೆ.
ಅವನ ಹೆಸರಲ್ಲೇ ನಮ್ಮ ಭಾಷೆಯ ‘ನಿಲ್ಲು’ ಇದೆ.
ಕಥೆ ಎಲ್ಲಿಗೆ ಬಂತು, ಯಾರ ಕುತ್ತಿಗೆಗೆ ಬಂತು
ಅಂತ ನೋಡುವ ಪೈಕಿ ಅಲ್ಲ.
ಇವತ್ತು ಹೀರೋ ಹೆಲಿಕಾಪ್ಟರಿನ ಕಾಲಿಗೆ
ಒಂದೇ ಕೈಯಲ್ಲಿ ಜೋತುಬಿದ್ದಿದ್ದ,
ಕೆಳಗೆ ತಳ ಕಾಣದ ಹಿಮದ ಕಣಿವೆ.
ದೀಪ ಹತ್ತಿತು.

ಪೆರಾಮದ ಬಯಲು ಟಾಕೀಸು,
ಬೇಸಿಗೆಯ ಮೂರು ತಿಂಗಳು ಮಾತ್ರ ಜೀವ ಇದಕ್ಕೆ.
ಹನ್ನೆರಡು ನಿಮಿಷ ಬಿಡುವು.
ಸುಣ್ಣದ ಗೋಡೆಯ ಮೇಲೆ, ಬೆಳಕಿಗೆ ಮಸುಕಾಗಿ,
ಅವನು ಹಾಗೇ ಉಳಿದ.
ಹಲ್ಲಿಯೊಂದು ಅವನ ಮೊಣಕೈ ದಾಟಿ
ಬಲ್ಬಿನ ಹುಳುಗಳ ಕಡೆ ಹೋಯಿತು.

ಕೌಂಟರಿನ ಹಿಂದೆ ನಾನು.
ಚೀಸ್ ಕಡುಬು, ಐಸು ಹಾಕಿದ ಹುಳಿಚೆರ್ರಿ ಶರಬತ್ತು,
ಸೊಳ್ಳೆಬತ್ತಿ ಕೂಡ ಖರ್ಚಾಗುತ್ತದೆ.
ಜಲ್ಲಿಯ ಮೇಲೆ ಚಪ್ಪಲಿಗಳ ಕರಕರ.
‘ಬೇಗ ಕೊಡಿ, ಪಾಪ ಅವನ ಕೈ ನೋಯುತ್ತೆ’
ಅಂದಳು ಎಂಟು ವರ್ಷದ ಮಿರ್ಸಿನಿ, ನಗದೆ.
ಮೇಲಿನ ಬಾಲ್ಕನಿಯಲ್ಲಿ ಅರ್ಗಿರೋ ಅಜ್ಜಿ
ನಾಲ್ಕು ರಾತ್ರಿಯಿಂದ ಪುಕ್ಕಟೆ ನೋಡುತ್ತಿದ್ದಾಳೆ:
‘ಸಾಯಲ್ಲ ಬಿಡ್ರೋ! ಅಂಗಿಯ ಇಸ್ತ್ರಿ ಕೂಡ ಕೆಡಲ್ಲ!’
ಹೇಳುವಾಗಲೂ ಕಟಕಟೆಯ ಸರಳು ಬಿಟ್ಟಿರಲಿಲ್ಲ.

ಕಥೆ ಕೇಳಬೇಡಿ.
ಒಂದು ಪೆಟ್ಟಿಗೆ; ಒಳಗೇನಿದೆ ಅಂತ
ಕದ್ದವರಿಗೂ ಗೊತ್ತಿಲ್ಲ, ಕಳಕೊಂಡವರಿಗೂ.
ಮೇಲಧಿಕಾರಿಯೇ ದ್ರೋಹಿ,
ಮೊದಲ ದೃಶ್ಯದಲ್ಲೇ ಅವನ ಹಲ್ಲು ಅದನ್ನು ಹೇಳುತ್ತದೆ.
ನಕಾಶೆಯಲ್ಲಿ ತೋರಿಸುವ ದೇಶ
ನನ್ನ ಶಾಲೆಯ ಯಾವ ಭೂಪಟದಲ್ಲೂ ಇರಲಿಲ್ಲ.
ಆದರೂ ಒಂಬತ್ತು ರಾತ್ರಿ ನೋಡಿದ್ದೇನೆ,
ಗ್ಲಾಸು ತೊಳೆಯುತ್ತ, ಅಡ್ಡಡ್ಡಕ್ಕೆ,
ಹೀರೋನ ಎಡಕಿವಿ ಮಾತ್ರ ಸರಿಯಾಗಿ ಕಾಣುವ ಕೋನದಿಂದ.

ಮೂರನೇ ಸಾಲಿನ ಅಂಚಿನ ಕುರ್ಚಿ ಪಾಂಡೆಲಿಸನದು.
ಬಲಗಾಲು ದಾರಿಗೆ ಚಾಚಿಯೇ ಕೂರಬೇಕು.
ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ.
ಟ್ಯಾಂಕರಿನ ಹೊಟ್ಟೆಯೊಳಗೆ, ಅಟ್ಟಣಿಗೆಯಿಂದ, ಏಳು ಮೀಟರ್.
ಲೆಕ್ಕ ಹಾಕಿದ್ದಾನೆ: ಒಂದು ಸೆಕೆಂಡು, ಮೇಲೆ ಚಿಲ್ಲರೆ.
ಆಮೇಲೆ ಹನ್ನೊಂದು ತಿಂಗಳು ಆಸ್ಪತ್ರೆ.
‘ಬೆಲ್ಟು ಕಟ್ಟಿರಲಿಲ್ಲ’ ಅಂತ ಬರೆಯಿತು ಕಂಪನಿ.
ಕಟ್ಟಲು ಬೆಲ್ಟು ಇರಲಿಲ್ಲ.

ಇಂಥವನು ಪ್ರತಿ ಬೇಸಿಗೆ
ಜನ ಬಿದ್ದೂ ಎದ್ದೂ ಓಡುವ ಸಿನಿಮಾಗಳಿಗೇ ಬರುತ್ತಾನೆ,
ಅಳುವ ಸಿನಿಮಾ ಬಂದ ವಾರ ತಲೆ ಹಾಕುವುದಿಲ್ಲ.
ಇವತ್ತು ಶರಬತ್ತು ಕೊಡುವಾಗ ಕೇಳಿಯೇಬಿಟ್ಟೆ:
‘ಸುಳ್ಳು ಅನ್ನಿಸಲ್ವಾ?’

ಗೋಡೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ.
‘ಹಿಡಿತ ತಪ್ಪು. ಹೆಬ್ಬೆರಳು ಒಳಗಿರಬೇಕು.
ಹಾಗೆ ಹಿಡಿದರೆ ಮೂರು ಎಣಿಸೋದ್ರೊಳಗೆ ಹೋದ.’
ಚಿಲ್ಲರೆ ಎಣಿಸಿದ, ಮತ್ತೊಮ್ಮೆ ಎಣಿಸಿದ.
‘ನಾನು ಬಿದ್ದಾಗ ಊಟದ ಹೊತ್ತು.
ಯಾರ ಚಮಚವೂ ನಿಲ್ಲಲಿಲ್ಲ.
ಇಲ್ಲಿ ನೋಡು’ ಅಂದ,
ಮುಂದಕ್ಕೇನೂ ಹೇಳದೆ ಕಾಲೆಳೆಯುತ್ತ ಹೋದ.
ಇಪ್ಪತ್ತು ಸೆಂಟು ಕಡಿಮೆ ಕೊಟ್ಟಿದ್ದೆ ಅಂತ
ಆಮೇಲೆ ತಿಳಿಯಿತು.

ದೀಪ ಆರಿತು.
ರೆಕ್ಕೆಯ ಗಾಳಿಯ ಸದ್ದು ಎದೆಗೇ ಬಡಿಯಿತು,
ಸೈಕಲ್ ಸ್ಟ್ಯಾಂಡಿನಲ್ಲಿ ನಾಯಿ ಬೊಗಳಿತು.
ಅವನ ಬೆರಳು ಒಂದೊಂದೇ ಜಾರುತ್ತಿದೆ.
ಕಿರುಬೆರಳು. ಉಂಗುರದ್ದು.
ಕಡುಬು ಬಾಯಿಯ ಹತ್ತಿರ ಹೋದದ್ದು ಅಲ್ಲೇ.
ಮಿರ್ಸಿನಿ ಅಪ್ಪನ ತೋಳನ್ನು ಉಗುರಲ್ಲಿ ಹಿಡಿದಿದ್ದಾಳೆ.
ಮುನ್ನೂರು ಜನ, ಒಂದು ಗ್ಲಾಸಿನ ಸದ್ದಿಲ್ಲ.
ನಾನು ನೋಡಿದ್ದು ಪರದೆಯನ್ನಲ್ಲ, ಅವರನ್ನು.

ಕೈಬಿಟ್ಟ.
ಬಿದ್ದ, ಬಿದ್ದ, ಬೀಳುತ್ತಲೇ ಇದ್ದ,
ಸೆಕೆಂಡಿಗೆ ಚಿಲ್ಲರೆ ಅಲ್ಲ, ಧಾರಾಳವಾಗಿ,
ಮೇಲಿಂದ ಒಮ್ಮೆ, ಪಕ್ಕದಿಂದ ಒಮ್ಮೆ,
ಹಿಮದ ದಿಬ್ಬದೊಳಗೆ ಭುಸ್ಸೆಂದು ಹೂತು
ಎದ್ದು, ಭುಜದ ಮೇಲಿನ ಹಿಮ ಕೊಡವಿ,
ಕೋಟಿನ ಗುಂಡಿ ಸರಿಮಾಡಿಕೊಂಡ.

ಅಂಗಳಕ್ಕೆ ಅಂಗಳವೇ ಉಸಿರು ಬಿಟ್ಟಿತು.
ಮೂರನೇ ಸಾಲಿನ ಅಂಚಿನಿಂದ
ಕೆಮ್ಮಿನಂಥ ನಗು.
ನನ್ನ ಮುಷ್ಟಿಯಲ್ಲಿ ಅವನ ಇಪ್ಪತ್ತು ಸೆಂಟು ಬೆವತಿತ್ತು,
ಬಿಚ್ಚಿ ನೋಡಿದರೆ
ಹೆಬ್ಬೆರಳು ಒಳಗಿತ್ತು.