ಬಲಪುಟದ ಲೆಕ್ಕ

ಎಡಪುಟದಲ್ಲಿ ಮಂಡಕ್ಕಿ ಚೀಲ,
ಬಲಪುಟದಲ್ಲಿ ನನ್ನ ತಮ್ಮ.
ಹದಿನಾಲ್ಕು ವರ್ಷ ಒಂದೇ ಪುಸ್ತಕ,
ದಾರ ಕಿತ್ತಾಗ ಗೋಣಿ ಹೊಲಿಯುವ ದಬ್ಬಣದಲ್ಲೇ ಹೊಲಿದೆ.

ಎಡಕ್ಕೆ: ಹರಿಹರದ ಅಂಗಡಿಗೆ ನಲವತ್ತು, ಬಾಕಿ ಆರು.
ಬಲಕ್ಕೆ: ಮೊದಲ ಪಂದ್ಯ. ಹನ್ನೊಂದು ನಿಮಿಷ.
ಗೋಲು ಇಲ್ಲ. ಬೂಟು ಸಾಲ.

ಭಟ್ಟಿಯ ಬೀದಿಯಲ್ಲಿ ಹೊಗೆಗೆ ಹೆಸರಿಲ್ಲ,
ಯಾರ ಮನೆಯದೋ ಎಲ್ಲರ ಕಣ್ಣಿಗೆ.
ಹೊತ್ತು ಮೂಡುವ ಮೊದಲೇ ಮರಳು ಕಾದಿರುತ್ತಿತ್ತು.
ಅಬ್ಬಾ ಹುರಿಯುವರು, ಆಚೆ ನಾನು ಜರಡಿ ಹಿಡಿಯುವೆ,
ನಡುವೆ ಚಮನ್, ಏಳು ವರ್ಷದವ.
ಅತ್ತಲಿಂದ ಬಂದದ್ದನ್ನು ಇತ್ತ ದಾಟಿಸುವ ಕೆಲಸ.
ತಡಮಾಡಿದರೆ ಕೈ ಸುಡುತ್ತದೆ.
ಅವನ ಆಟದ ಬಗ್ಗೆ ಮುಂದೆ ಯಾರೇನು ಬರೆದರೂ
ಇದಕ್ಕಿಂತ ಹೆಚ್ಚೇನೂ ಬರೆಯಲಿಲ್ಲ.

"ಚೆಂಡು ಕಾಲಿಗೆ ಬರುವ ಮೊದಲು
ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡು.
ಬಂದ ಮೇಲೆ ನೋಡುವವನು ಪ್ರೇಕ್ಷಕ"
ಅಂದವರು ರುದ್ರಮುನಿ ಮೇಷ್ಟ್ರು,
ಹತ್ತಿ ಗಿರಣಿಯ ತಂಡದ ಹಳೆಯ ಹಾಫ್‌ಬ್ಯಾಕು.
ಗಿರಣಿ ಮುಚ್ಚಿತ್ತು, ತಂಡ ಮುಚ್ಚಿತ್ತು,
ಕೊರಳಲ್ಲೊಂದು ಸೀಟಿ ಉಳಿದಿತ್ತು.
ನೂಲಿನ ದೂಳು ಕೂತ ಎದೆಯಿಂದ ಊದಿದರೆ
ಅರ್ಧ ಗಾಳಿ, ಅರ್ಧ ಕೆಮ್ಮು.
ಹುಡುಗರು ಕೆಮ್ಮಿಗೂ ಓಡುತ್ತಿದ್ದರು.

ಆಮೇಲೆ ಊರುಗಳು.
ಮಡಗಾಂವ್, ಎರಡು ಹಂಗಾಮು.
ಕೊಲ್ಕತ್ತ ಮೂರು, ಸಂಬಳ ಒಂದೂವರೆಗೆ.
ಐಜಾಲ್, ಒಂದು ಚಳಿಗಾಲ:
"ಆಪಾ, ಇಲ್ಲಿ ಮೈದಾನ ಬೆಟ್ಟದ ನೆತ್ತಿಗೆ,
ಗೆರೆ ದಾಟಿದ ಚೆಂಡು ಮೋಡಕ್ಕೆ ಬೀಳುತ್ತದೆ.
ಅಲ್ಲಿಂದ ಯಾರೋ ವಾಪಸ್ ಎಸೆಯುತ್ತಾರೆ."

ಗೋಲು ಹೊಡೆದವನ ಫೋಟೋ ಪತ್ರಿಕೆಯಲ್ಲಿ.
ಅವನಿಗೆ ಚೆಂಡು ಕೊಟ್ಟವನ ಹೆಸರು
ಜಾಗ ಮಿಕ್ಕರೆ ಕೊನೆಯ ಸಾಲಿನಲ್ಲಿ.
ಕೊಟ್ಟವನಿಗೆ ಕೊಟ್ಟವನು ಚಮನ್.
ಚಿತ್ರದ ಅಂಚಿನಲ್ಲಿ, ಮಸುಕಾಗಿ, ಒಂದು ಮೊಣಕೈ.
ಆ ಮೊಣಕೈಗಳನ್ನಷ್ಟೇ ಕತ್ತರಿಸಿ ಅಂಟಿಸಿದ್ದೇನೆ.
ಬಂದವರು ಕೇಳುತ್ತಾರೆ, ಇದರಲ್ಲಿ ನಿನ್ನ ತಮ್ಮ ಎಲ್ಲಿ?
ಭಟ್ಟಿಯ ಸುಟ್ಟ ಕಲೆ ತೋರಿಸುತ್ತೇನೆ,
ಅವರಿಗೆ ಮಸಿ ಕಾಣುತ್ತದೆ.

ಒಂದು ವರ್ಷ ಬಲಪುಟ ಖಾಲಿ.
ಮೊಣಕಾಲೊಳಗೆ ಏನೋ ಹರಿದಿತ್ತು.
ಯಾರೂ ಮುಟ್ಟಿರಲಿಲ್ಲ, ಸುಮ್ಮನೆ ತಿರುಗಿದ್ದನಂತೆ.
ಸದ್ದು ಬಂತಾ, ಕೇಳಿದೆ. ಯಾಕೆ ಕೇಳಿದೆನೋ.
"ಮಂಡಕ್ಕಿ ತುಳಿದ ಹಾಗೆ" ಅಂದ.
ಆ ವಾರ ನಾನು ಜರಡಿ ಮುಟ್ಟಲಿಲ್ಲ.
ಆಸ್ಪತ್ರೆ ಖರ್ಚು ಎಡಪುಟಕ್ಕೇ ಬಿತ್ತು, ಚೀಲಗಳ ಕೆಳಗೆ.
ಕ್ಲಬ್ಬಿನವರು ಹೂಗುಚ್ಛ ಕಳಿಸಿದ್ದರು,
ಅದನ್ನು ಯಾವ ಪುಟದಲ್ಲಿ ಬರೆಯುವುದು?

ಒಟ್ಟು: ಪಂದ್ಯ ನೂರಾ ಅರವತ್ತೊಂದು.
ಗೋಲು ಮೂರು.
ಅದರಲ್ಲೊಂದು ನಮ್ಮದೇ ಬಲೆಗೆ.
ಅದನ್ನೂ ಸೇರಿಸಿದ್ದೇನೆ, ಕಾಲು ಅವನದೇ ತಾನೆ.

ಈಗ ಮೂವತ್ತನಾಲ್ಕು.
ಗೂಡ್ಸ್ ಆಟೋಗೆ ಚೀಲ ಹೇರಿ, ನನ್ನನ್ನು ಪಕ್ಕಕ್ಕೆ ಕೂರಿಸಿ
ಅಶೋಕ ಟಾಕೀಸಿನ ಗೇಟಿಗೆ ಬಂದರೆ, ಹಾಕಿದೆ.
ರೈಲು ಹೋಯಿತು. ಗೇಟು ಎದ್ದಿತು.
ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ
ಒಟ್ಟಿಗೇ ನುಗ್ಗಿ, ಹಳಿಯ ಮೇಲೆ ಗಂಟು.
ಹಾರ್ನು, ಬೈಗುಳ, ಬೆಣ್ಣೆ ಡಬ್ಬಿಯ ಸೈಕಲ್ಲು,
ಶಾಲೆಯ ವ್ಯಾನು.
ಚಮನ್ ಎರಡು ಸಲ ಹಿಂದೆ ನೋಡಿ
ಕುಂಟುತ್ತಾ ಇಳಿದ.
ವ್ಯಾನಿಗೊಂದು ಕೈ, ಸೈಕಲ್ಲಿಗೊಂದು ಕಣ್ಣು,
ಮೈಯೆಲ್ಲ ಎಡಕ್ಕೆ ವಾಲಿಸಿ ಲಾರಿಯನ್ನು ಬಲಕ್ಕೆ ಕಳಿಸಿದ.
ಎಲ್ಲಿತ್ತೋ ಆ ಜಾಗ, ನನಗಂತೂ ಕಂಡಿರಲಿಲ್ಲ.
ಎಲ್ಲ ದಾಟಿದರು. ಯಾರೂ ತಿರುಗಿ ನೋಡಲಿಲ್ಲ.

ನಮ್ಮ ಸರದಿ ಬರುವಷ್ಟರಲ್ಲಿ
ಗೇಟು ಮತ್ತೆ ಬಿತ್ತು.
ಅವನಿಗೆ ನಗು ತಡೆಯಲಾಗಲಿಲ್ಲ.
ನಾನು ಒಂದು ಚೀಲದ ಬಾಯಿ ಬಿಚ್ಚಿದೆ,
ಇಬ್ಬರೂ ತಿಂದೆವು.
ಎಡಪುಟದಲ್ಲಿ ಎರಡು ಹಿಡಿ ಕಡಿಮೆ.