ಪಕ್ಕದ ಕಿಂಡಿಗೆ

ಗ್ರಿಮ್ಸ್‌ಬಿಯ ಮೀನುಕಟ್ಟೆ, ಸೋಮವಾರ, ಬೆಳಗಿನ ಜಾವ ನಾಲ್ಕೂಕಾಲು.
ಹಂಬರ್ ಮೇಲಿಂದ ಬರುವ ಗಾಳಿಗೆ ಉಪ್ಪಿನ ಹಲ್ಲು.
ಮಹಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನಾನು,
ಮೊಣಕಾಲೂರಿ,
ಟಾರ್ಚು ಬಾಯಲ್ಲಿ ಕಚ್ಚಿಕೊಂಡು.

ಎದುರಿಗೆ ಸ್ವಿಚ್ಚು. ಏಳನೆಯ ಕಿಂಡಿ ತಕ್ಕಡಿಯದು,
ಎಂಟನೆಯದು ಮೇಲಿನ ಲೆಕ್ಕದ ಕೋಣೆಯದು.
ನಡುವೆ ಬೆರಳು ತೂರದಷ್ಟು ಜಾಗ.
ಎರಡಕ್ಕೂ ಹಸಿರು ದೀಪ, ಎರಡೂ ಕಣ್ಣು ಮಿಟುಕಿಸುತ್ತವೆ.
ಮಾತಿಲ್ಲ.
ಒಂದು ಇಪ್ಪತ್ತನೆಯ ವಿಲ್ಯಾನು, ಇನ್ನೊಂದು ಮೂವತ್ತು.
ಹೋದ ವರ್ಷ ಗೆರೆ ಎಳೆದವರು ನಾವೇ,
ಇವರ ಗದ್ದಲ ಅವರ ಕಿವಿಗೆ ಬೀಳದಿರಲಿ ಎಂದು.
ಒಳ್ಳೆಯದಕ್ಕೇ. ಈಗಲೂ ಹಾಗೇ ಹೇಳುತ್ತೇನೆ.

ಪಕ್ಕದ ಕಿಂಡಿ ಸೇರಬೇಕಾದ ಒಂದು ತೂಕ
ದಪ್ಪ ತಂತಿ ಹಿಡಿದು ರೌಟರಿನ ತನಕ ಹತ್ತಿ,
ಅಲ್ಲಿ ಇಪ್ಪತ್ತರ ಚೀಟಿ ಕಳಚಿ ಮೂವತ್ತರದ್ದು ಅಂಟಿಸಿಕೊಂಡು,
ಅದೇ ತಂತಿಯಲ್ಲಿ ಇಳಿದು ಬರಬೇಕು.
ಕೈ ಸುತ್ತಿ ಮೂಗು ಹಿಡಿದ ಹಾಗೆ.

ಇವತ್ತು ಹತ್ತುವುದೇ ಇಲ್ಲ.

ಹರಾಜು ಆರಕ್ಕೆ; ಹ್ಯಾಡಕ್ ಕಾಯುವುದಿಲ್ಲ.
ಕ್ಲೀತೋರ್ಪ್ಸಿನ ಹುಡುಗ ಕೀರನ್
ತೂಕವನ್ನು ಪೆನ್ಸಿಲಿನಲ್ಲಿ ಗೀಚಿಕೊಂಡು
ನನ್ನ ನೆತ್ತಿಯ ಮೇಲೆ ಓಡುತ್ತಾನೆ:
ಹದಿನಾಲ್ಕು ಮೆಟ್ಟಿಲು, ರಬ್ಬರ್ ಬೂಟು, ಧಡಧಡ.
ಮಿಸೆಸ್ ಬ್ಲೆಂಕಿನ್‌ಸಾಪ್ ಚೀಟಿ ಕಸಿದು, ಕನ್ನಡಕ ಏರಿಸಿ,
"ಇದೇನಪ್ಪ, ಒಂದೋ ಏಳೋ?"
"ಒಂದು!" ಅರ್ಧ ಇಳಿದವನ ಉತ್ತರ.
ಮತ್ತೆ ಧಡಧಡ.
ಒಮ್ಮೆ ಜಾರಿ ಬಿದ್ದ. ಚೀಟಿ ಐಸುನೀರಿನ ಪಾಲು.
ವಾಪಸು ತಕ್ಕಡಿಗೆ ಹೋಗಿ ಅದನ್ನೇ ಬರೆದು ತಂದ.

ನಾನು ಸಾಲು ಸಾಲಾಗಿ ಓದುತ್ತೇನೆ.
ಸಿಕ್ಕಿತು.
ಶುಕ್ರವಾರ ಸಂಜೆ, ಕೊಳ್ಳಲು ಬರುವವರ ಫೋನುಗಳಿಗೆಂದು
ನಲವತ್ತಕ್ಕೂ ದಾರಿ ಬಿಡಬೇಕಿತ್ತು.
ಸೇರಿಸು ಎಂಬ ಒಂದು ಮಾತು ಬಿಟ್ಟು
ನಲವತ್ತು ಎಂದಷ್ಟೇ ಬರೆದಿದ್ದೇನೆ.
ಯಂತ್ರ ಹೇಳಿದ್ದನ್ನು ನಂಬಿತು: ನಲವತ್ತು ಮಾತ್ರ.
ಹೊಸಬನಿಗೆ ಬಾಗಿಲು ತೆಗೆದ ಕೈಯೇ
ಹಳಬರನ್ನೆಲ್ಲ ಹೊರಗೆ ಹಾಕಿ ಅಗಳಿ ಹಾಕಿದೆ,
ಮನೆಗೆ ಹೋಗಿ ಚಿಪ್ಸು ತಿಂದಿದೆ.

ಇಪ್ಪತ್ತು, ಮೂವತ್ತು, ಸೇರಿಸು.

ಮೇಲಿನಿಂದ ಕೂಗು: "ಬಂತು ಬಂತು, ತಾನಾಗೇ ಬರ್ತಿದೆ!"
ಬೂಟುಗಳು ನಡುಮೆಟ್ಟಿಲಲ್ಲಿ ನಿಂತವು.
ಒಂದು ಹನಿ ನನ್ನ ಕೀಲಿಮಣೆಗೆ ಬಿತ್ತು.
ಕೀರನ್ ಬಗ್ಗಿ ನೋಡಿದ, ಉಬ್ಬಸ ಇನ್ನೂ ಇಳಿದಿಲ್ಲ:
"ಹಾಗಾದರೆ ಇದನ್ನೇನು ಮಾಡಲಿ?"

ಕೊಡು ಎಂದೆ.
ಒದ್ದೆ ಚೀಟಿ, ಮೀನಿನ ಸಿಬರು ಅಂಟಿದ್ದು.
ನಿಜವಾಗಿಯೂ ಅವನ ಒಂದು
ಏಳಿನ ಹಾಗೇ ಇತ್ತು.